ಗುಳಿಗೆ ಶುರುವಾದ ವರ್ಷ

ಡೊಂಬಿವಲಿ, ಕಲ್ಯಾಣದ ಕಡೆಯಿಂದ ಖಾರಘರ್‌ಗೆ ಹೋಗುವವರು ಥಾಣೆಯಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿಯುತ್ತಾರೆ. ನವಿ ಮುಂಬೈನ ಆ ಗುಡ್ಡಗಳ ಬಳಿ ಟಾಟಾ ಸ್ಮಾರಕ ಕೇಂದ್ರದ ಆ್ಯಕ್ಟ್ರೆಕ್ ಇದೆ. ಪರೇಲಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಅಲ್ಲಿಗೆ ಬಂದು ಈ ಹೆಸರು ಪಡೆಯಿತು. 2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿಗೆ ಉಚಿತ ಔಷಧ, ಅಂದರೆ ಎಆರ್‌ಟಿ, ಕೊಡತೊಡಗಿತು. ಮುಂಬೈನ ಜೆ.ಜೆ. ಆಸ್ಪತ್ರೆ ಮೊದಲ ಕೇಂದ್ರಗಳಲ್ಲೊಂದು. ಥಾಣೆ ಜಿಲ್ಲೆಯ ಎಚ್‌ಐವಿ ಸೋಂಕಿತರ ಲಿಂಫೋಮಾ ಕಥೆ ಅರ್ಥವಾಗಬೇಕಾದರೆ ಈ ಎರಡನೆಯ ತಾರೀಖು ಮುಖ್ಯ.

ಲಿಂಫೋಮಾ ಎಂದರೆ ದುಗ್ಧಗ್ರಂಥಿಗಳ, ಬಿಳಿರಕ್ತಕಣಗಳ ಕ್ಯಾನ್ಸರ್. 1984ರಲ್ಲಿ ಅಮೆರಿಕದ ವೈದ್ಯರು ಈ ಕಾಯಿಲೆಯಿದ್ದ 90 ಸಲಿಂಗಿ ಪುರುಷರ ವಿವರ ಪ್ರಕಟಿಸಿದರು. ಮರುವರ್ಷವೇ ಅದರ ಕೆಲವು ಬಗೆಗಳು ಏಡ್ಸ್‌ನ ವ್ಯಾಖ್ಯೆಯೊಳಗೆ ಬಂದವು. ಆಗ ಲಿಂಫೋಮಾ ಎಂದರೆ ಕೊನೆಯ ಸುದ್ದಿ. ಕಾರಣ ಸರಳವಾಗಿಯೇ ಹೇಳಬಹುದು: ನಮ್ಮಲ್ಲಿ ಬಹುತೇಕರ ಬಿ ಕಣಗಳಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಸದ್ದಿಲ್ಲದೆ ಕೂತಿರುತ್ತದೆ, ಟಿ ಕಣಗಳು ಅದನ್ನು ಕಾಯುತ್ತಿರುತ್ತವೆ. ಎಚ್‌ಐವಿ ಕಾವಲುಗಾರರನ್ನೇ ಕೊಲ್ಲುತ್ತದೆ. ಬಿ ಕಣಗಳನ್ನು ವರ್ಷಗಟ್ಟಲೆ ಕೆರಳಿಸಿ ವಿಪರೀತ ವಿಭಜಿಸುವಂತೆಯೂ ಮಾಡುತ್ತದೆ. ತಪ್ಪು ನುಸುಳುವುದು ಆ ವಿಭಜನೆಯಲ್ಲಿ.

1996ರ ಹೊತ್ತಿಗೆ ಮೂರು ಔಷಧಗಳ ಜೋಡಣೆ ಬಂತು. ಅಪಾಯ ಕುಸಿಯಿತು, ಸೊನ್ನೆಯಾಗಲಿಲ್ಲ. 1996ರಿಂದ 2012ರವರೆಗೆ ಅಮೆರಿಕದ ಸುಮಾರು 4.48 ಲಕ್ಷ ಸೋಂಕಿತರ ದಾಖಲೆ ನೋಡಿದಾಗ, ನಾನ್-ಹಾಡ್ಜ್‌ಕಿನ್ ಲಿಂಫೋಮಾ ಸಾಮಾನ್ಯ ಜನರಿಗಿಂತ 11.5 ಪಟ್ಟು, ಹಾಡ್ಜ್‌ಕಿನ್ 7.7 ಪಟ್ಟು ಹೆಚ್ಚಿತ್ತು. ಪಟ್ಟುಗಳ ಲೆಕ್ಕ ಹೆದರಿಸುತ್ತದೆ. ಮೂಲ ರೋಗವೇ ಅಪರೂಪದ್ದೆಂಬುದು ಅದರಲ್ಲಿ ಕಾಣುವುದಿಲ್ಲ. ಗುಳಿಗೆಯೇ ಗಂಟು ತಂದಿತೆಂಬ ಶಂಕೆಗೂ ಆಧಾರವಿಲ್ಲ. ಚಿಕಿತ್ಸೆ ಶುರುವಾದ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಹಾಡ್ಜ್‌ಕಿನ್ ಹೊರಬೀಳುವುದುಂಟು. ಚೇತರಿಸಿಕೊಳ್ಳುತ್ತಿರುವ ರೋಗನಿರೋಧಕ ಶಕ್ತಿ ಒಳಗೆ ಅಡಗಿದ್ದುದನ್ನು ಬಯಲಿಗೆಳೆಯುತ್ತದೆ.

ಮುಂಬೈನಲ್ಲೂ ಗುರುತು ಸ್ಪಷ್ಟವಿತ್ತು. 2001-2005ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ 251 ಎಚ್‌ಐವಿ ಸೋಂಕಿತ ಕ್ಯಾನ್ಸರ್ ರೋಗಿಗಳ ಅಧ್ಯಯನದಲ್ಲಿ, ಇತರ ರೋಗಿಗಳಿಗೆ ಹೋಲಿಸಿದರೆ ನಾನ್-ಹಾಡ್ಜ್‌ಕಿನ್ ಲಿಂಫೋಮಾದ ಪಾಲು ಬಹಳ ಹೆಚ್ಚಿತ್ತು. ಪಶ್ಚಿಮದಲ್ಲಿ ಏಡ್ಸ್‌ನ ಮುಖಚಿಹ್ನೆಯಾಗಿದ್ದ ಕಪೋಸಿ ಸಾರ್ಕೋಮಾ ಮಾತ್ರ ನಮ್ಮಲ್ಲಿ ಅಪರೂಪ.

ಇನ್ನು ವರ್ಷದ ಮಾತು. 2004ರಲ್ಲಿ ಗುಳಿಗೆ ಸಿಗಬೇಕಾದರೆ ಸಾಮಾನ್ಯವಾಗಿ ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಿರಬೇಕಿತ್ತು. ಅಂದರೆ ಕಾವಲು ಕುಸಿಯುವವರೆಗೆ ಕಾಯಬೇಕಿತ್ತು. ಔಷಧ ಕಡಿಮೆಯಿದ್ದ ಕಾಲದಲ್ಲಿ ಹೆಚ್ಚು ಕಾಯಿಲೆಯವರಿಗೆ ಮೊದಲು ಎಂಬುದು ಅನ್ಯಾಯವೇನಲ್ಲ, ಆದರೆ ಅದಕ್ಕೆ ಬೆಲೆಯಿತ್ತು. ಮಿತಿ 350ಕ್ಕೇರಿತು, ಆಮೇಲೆ 500ಕ್ಕೆ. 2015ರ ಸ್ಟಾರ್ಟ್ ಪ್ರಯೋಗದಲ್ಲಿ 4,685 ಜನರನ್ನು ಎರಡು ಗುಂಪು ಮಾಡಲಾಗಿತ್ತು: ತಕ್ಷಣ ಗುಳಿಗೆ ಪಡೆದವರಲ್ಲಿ 3 ಲಿಂಫೋಮಾ, ಕಾದವರಲ್ಲಿ 10. 2017ರಲ್ಲಿ ಭಾರತ ಎಣಿಕೆ ನೋಡದೆ ಎಲ್ಲ ಸೋಂಕಿತರಿಗೂ ಚಿಕಿತ್ಸೆ ಎಂದಿತು. ಹಾಗಾಗಿ ಥಾಣೆಯಲ್ಲಿ ಇಂದು ಒಂದೇ ಸಾಲಿನಲ್ಲಿ ನಿಂತು ಒಂದೇ ಗುಳಿಗೆ ಪಡೆಯುವ ಇಬ್ಬರ ಅಪಾಯ ಒಂದೇ ಆಗಿರಬೇಕಿಲ್ಲ. ಎಣಿಕೆ ತೀರಾ ತಳ ಕಂಡ ಮೇಲೆ ಶುರುಮಾಡಿದ ಹಳಬರಿಗೆ, ಅದು ಮತ್ತೆ ಏರಿದ ಮೇಲೂ, ಆ ಹಳೆಯ ತಳದ ನೆರಳು ಸ್ವಲ್ಪ ಉಳಿದಿರುತ್ತದೆ.

ನಮ್ಮ ಊರುಗಳಲ್ಲಿ ಇನ್ನೊಂದು ತೊಡಕು. ಕೊರಳಲ್ಲಿ ಗಂಟು, ಜ್ವರ, ರಾತ್ರಿ ಬೆವರು, ತೂಕ ಇಳಿತ: ಯಾರು ನೋಡಿದರೂ ಮೊದಲು ಹೇಳುವುದು ಕ್ಷಯ. ಸೋಂಕಿತರಲ್ಲಿ ಅದು ಹೆಚ್ಚಾಗಿ ನಿಜವೂ ಹೌದು. ಹಾಗೆಂದು ಪರೀಕ್ಷಿಸದೆ ಕ್ಷಯದ ಮಾತ್ರೆ ನುಂಗುತ್ತಾ ಕಳೆದ ತಿಂಗಳುಗಳಲ್ಲಿ ಲಿಂಫೋಮಾ ಬೆಳೆಯುತ್ತದೆ. ಸೂಜಿ ಚುಚ್ಚಿ ತೆಗೆದ ಹನಿಯಲ್ಲಿ ಅದು ತಪ್ಪಿಹೋಗಬಹುದು. ಇಡೀ ಗ್ರಂಥಿ ತೆಗೆದು ನೋಡುವ ಬಯಾಪ್ಸಿಯೇ ಖಚಿತ. ರೋಗ ಸಿಕ್ಕಿದರೂ ಹಿಂದಿನಂತೆ ಕೊನೆಯ ಸುದ್ದಿಯಲ್ಲ. ಎಆರ್‌ಟಿ ನಿಲ್ಲಿಸದೆಯೇ ಕೀಮೋ ಕೊಡುತ್ತಾರೆ. ಆದರೆ ರಿಟೊನವಿರ್‌ನಂಥ ಔಷಧವಿದ್ದರೆ ವಿನ್‌ಕ್ರಿಸ್ಟೀನ್‌ನ ವಿಷ ಹೆಚ್ಚುತ್ತದೆ, ಜಿಡೊವುಡಿನ್ ಮಜ್ಜೆಯನ್ನು ಕುಗ್ಗಿಸುತ್ತದೆ. ಡೊಲುಟೆಗ್ರವಿರ್ ಜೊತೆ ಇಂಥ ತಕರಾರು ಕಡಿಮೆ. ಅದಕ್ಕೇ ಕ್ಯಾನ್ಸರ್ ವೈದ್ಯರ ಕೋಣೆಗೆ ಹೋಗುವಾಗ ಎಆರ್‌ಟಿ ಕೇಂದ್ರದ ಹಸಿರು ಪುಸ್ತಕ ಚೀಲದಲ್ಲಿರಬೇಕು.