ತಟ್ಟೆ ತಿರುಗಿದ ವೇಗ, ಕುಂದಗೋಳದ ಸ್ವರ

📍 ಕುಂದಗೋಳ | ನಮ್ಮೂರ ಚರಿತ್ರೆ ಸರಣಿ

1/5
ಕುಂದಗೋಳದ ನಾಡಿಗೇರ ವಾಡೆ ಮುಂದ ಫೋಟೋ ತಗೊಂಡವರು ನಮ್ಮಲ್ಲಿ ಬಾಳ ಮಂದಿ ಇದ್ದೀವಿ. ಸವಾಯಿ ಗಂಧರ್ವರ (1886–1952) ಊರು ಇದು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಭೀಮಸೇನ ಜೋಶಿ ಇಲ್ಲೇ ಇದ್ದು ಕಲಿತರು.

ಆದರೆ ಭೀಮಸೇನರಿಗೆ ಹಾಡುಗಾರಿಕೆಯ ಹುಚ್ಚು ಹಿಡಿಸಿದ್ದು ಒಂದು ಗ್ರಾಮಫೋನ್ ತಟ್ಟೆ: ಅಬ್ದುಲ್ ಕರೀಂ ಖಾನ್‌ರ ಝಿಂಝೋಟಿ ಠುಮ್ರಿ. 1933ರಲ್ಲಿ, 11ರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಖಾನ್‌ಸಾಹೇಬರು ಸವಾಯಿ ಗಂಧರ್ವರ ಗುರು. ಅಂದ್ರ ಗುರುವಿನ ಗುರು ಮೊದಲು ಸಿಕ್ಕಿದ್ದು ತಟ್ಟೆಯಲ್ಲಿ! ಹಂಗಾದ್ರ ಆ ಯಂತ್ರ ದನಿಯನ್ನು ಎಷ್ಟು ಖರೇ ಹೇಳುತ್ತಿತ್ತು?

2/5
ತಟ್ಟೆ ಮಾಡುತ್ತಿದ್ದದ್ದು ಅರಗಿನಿಂದ. 10 ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷ. ಮೈಫಿಲಿನಲ್ಲಿ ತಾಸುಗಟ್ಟಲೆ ಹಾಡುವ ರಾಗವನ್ನು ಅಷ್ಟರಲ್ಲೇ ಮುಗಿಸಬೇಕು. ಉಕ್ಕಿನ ಮುಳ್ಳು ಒಂದೊಂದು ಬದಿಗೆ ಒಂದೊಂದು; ಬದಲಿಸದಿದ್ದರೆ ಸವೆದ ಮುಳ್ಳು ತಟ್ಟೆಯ ಗೆರೆಯನ್ನೇ ಕೆರೆದು ಹಾಕುತ್ತಿತ್ತು.

ಆದರ ಒಂದು ಗುಣ ಇತ್ತು ನೋಡ್ರಿ: ಕರೆಂಟ್ ಬೇಡ. ಕೀಲಿ ಕೊಟ್ಟರೆ ಸ್ಪ್ರಿಂಗ್ ತಿರುಗಿಸುತ್ತಿತ್ತು. ವಿದ್ಯುತ್ ಬರುವ ಮೊದಲೇ ಹಳ್ಳಿಗೆ ಹಾಡು ಬರಲು ಇದೇ ದಾರಿ.

3/5
ತೊಂದರೆ ಇದ್ದದ್ದೂ ಆ ಸ್ಪ್ರಿಂಗಿನಲ್ಲೇ. ವೇಗವನ್ನು ಒಂದೇ ಸಮ ಇಡಲು ಗವರ್ನರ್ ಎಂಬ ಭಾಗ ಇರುತ್ತಿತ್ತು. ಗ್ರೀಸ್ ಗಟ್ಟಿಯಾದರೆ, ಸ್ಪ್ರಿಂಗ್ ದಣಿದರೆ, ತಟ್ಟೆ ನಿಧಾನ. ನಿಮಿಷಕ್ಕೆ 78 ಸುತ್ತಿನ ಬದಲು ಸುಮಾರು 74 ಸುತ್ತಿದರೆ ಇಡೀ ಹಾಡು ಹತ್ತಿರಹತ್ತಿರ ಅರ್ಧ ಸ್ವರ ಕೆಳಗಿಳಿಯುತ್ತದೆ. ಹಾರ್ಮೋನಿಯಂ ಗೊತ್ತಿದ್ದವರಿಗೆ: ಕಪ್ಪು ಒಂದರಲ್ಲಿ ಹಾಡಿದ್ದು ಬಿಳಿ ಒಂದರಲ್ಲಿ ಕೇಳುತ್ತದೆ. ದನಿಯೂ ದಪ್ಪ ಆಗುತ್ತದೆ. ಹಳೆಯ ತಟ್ಟೆಗಳೆಲ್ಲ ಸರಿಯಾಗಿ 78ಕ್ಕೇ ಮುದ್ರಣ ಆಗಿರಲಿಲ್ಲ ಅನ್ನೋದು ಇನ್ನೊಂದು ತಲೆನೋವು.

ಗಂಗೂಬಾಯಿಯವರನ್ನೇ ತಗೋರಿ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ತಟ್ಟೆಗಳಲ್ಲಿ ಅವರದು ತೆಳು, ಎತ್ತರದ ದನಿ. ನಮಗೆ ಗೊತ್ತಿರೋದು ಆಮೇಲಿನ ಗಂಭೀರ ದನಿ. ಇದು ಯಂತ್ರದ ದೋಷ ಅಂದ್ಕೋಬ್ಯಾಡ್ರಿ. ಗಂಟಲಿನ ಚಿಕಿತ್ಸೆಯ ನಂತರ ದನಿ ಖರೇನೇ ಬದಲಾಯಿತು. ಯಾವುದು ಗಾಯಕಿಯದು, ಯಾವುದು ಸ್ಪ್ರಿಂಗಿನದು? ಚರಿತ್ರೆ ಓದುವವರು ಇದನ್ನು ಬೇರ್ಪಡಿಸಲೇಬೇಕು.

4/5
1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು: ಒಂದು ಬದಿಗೆ 20 ನಿಮಿಷದ ಮೇಲೆ. ರಾಗ ಉಸಿರಾಡಿತು. 1982ರಲ್ಲಿ ಸಿಡಿ ಪ್ಲೇಯರ್ ಬಂತು. ಸಿಡಿಯಲ್ಲಿ ಇರೋದು ಸೆಕೆಂಡಿಗೆ 44,100 ಸಲ ಅಳೆದ ಸಂಖ್ಯೆಗಳು. ಲೇಸರ್ ಓದಿದ್ದು ಮೊದಲು ಮೆಮೊರಿಗೆ ಹೋಗಿ, ಕ್ವಾರ್ಟ್ಜ್ ಗಡಿಯಾರದ ಲೆಕ್ಕಕ್ಕೆ ಹೊರಬರುತ್ತದೆ. ತಟ್ಟೆ ಸ್ವಲ್ಪ ಅಲುಗಾಡಿದರೂ ಸ್ವರ ಅಲುಗಾಡುವುದಿಲ್ಲ. ಸಣ್ಣ ಗೀರು ಬಿದ್ದರೆ ತಾನೇ ತಿದ್ದಿಕೊಳ್ಳುತ್ತದೆ. ಆದರೆ ಲೆನ್ಸಿಗೆ ಧೂಳು ಕೂತರೆ, ಲೇಸರ್ ಸೋತರೆ ಕಥೆ ಮುಗೀತು. ಗ್ರಾಮಫೋನು ಕುಂಟುತ್ತಾದರೂ ಹಾಡುತ್ತಿತ್ತು. ಸಿಡಿ ಪ್ಲೇಯರ್ ಒಮ್ಮೆಲೇ ಮೂಕ.

ಇನ್ನೊಂದು ಮಾತು. ಹಳೆಯ ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿ ಸಿಡಿಗೆ ಇಳಿಸಿದರೆ, ಲಕ್ಷ ರೂಪಾಯಿಯ ಪ್ಲೇಯರ್ ಕೂಡ ಆ ತಪ್ಪನ್ನೇ ಪ್ರತಿ ಸಲ ಅಚ್ಚುಕಟ್ಟಾಗಿ ಹೇಳುತ್ತದೆ. ಯಂತ್ರ ನಂಬಿಗಸ್ತ ಆದ ಮಾತ್ರಕ್ಕೆ ಹಾಡು ಖರೇ ಆಗೋದಿಲ್ಲ. ಈಗ ಮೊಬೈಲಿನಲ್ಲಿ ಕೇಳಿ ಕಲಿಯುವ ನಮಗೂ ಇದೇ ಮಾತು.

5/5
ಹಂಗಾಗಿ ಮೂಲ ತಟ್ಟೆ ಉಳೀಬೇಕು. ಸರಿಯಾದ ವೇಗ ಹುಡುಕಿ ಮತ್ತೊಮ್ಮೆ ಇಳಿಸಿಕೊಳ್ಳಲು ಅದೊಂದೇ ಸಾಕ್ಷಿ. ನಿಮ್ಮ ಅಟ್ಟದ ಮೇಲೆ ಅಜ್ಜನ ಕಾಲದ ತಟ್ಟೆ ಇದ್ದರೆ:
🔸 ಗುಜರಿಗೆ ಹಾಕಬ್ಯಾಡ್ರಿ
🔸 ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಇಡ್ರಿ
🔸 ಸ್ಪಿರಿಟ್ ಹಾಕಿ ಒರೆಸಬ್ಯಾಡ್ರಿ, ಅರಗು ಕರಗುತ್ತದೆ
🔸 ಲೇಬಲ್ಲಿನ ಹೆಸರು, ನಂಬರ್ ಕಾಣೋ ಹಂಗ ಒಂದು ಫೋಟೋ ತಗೀರಿ

ಆ ಫೋಟೋ ಕಾಮೆಂಟಿನಲ್ಲಿ ಹಾಕ್ರಿ. ನವಲಗುಂದ, ಅಣ್ಣಿಗೇರಿ, ಕಲಘಟಗಿ ಗೆಳೆಯರೂ ಅಷ್ಟೇ, ಮನ್ಯಾಗ ಹಿರಿಯರನ್ನ ಒಮ್ಮೆ ಕೇಳಿ ನೋಡ್ರಿ.

#ಕುಂದಗೋಳ #ಸವಾಯಿಗಂಧರ್ವ #ಗಂಗೂಬಾಯಿಹಾನಗಲ್ #ನಮ್ಮೂರಚರಿತ್ರೆ