ಪರದೇಶದ ಹಳ್ಳಿಗಳಲ್ಲಿ ಪೋಷಣೆಯ ಸೇವೆ: ಸಾಗಿಬಂದ ದಾರಿ

1930ರ ದಶಕದಲ್ಲಿ ಇಂದಿನ ಘಾನಾದಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್, ಕೈಕಾಲು ಬಾತು ಚರ್ಮ ಸುಲಿದು ಸಾಯುತ್ತಿದ್ದ ಎಳೆಯ ಮಕ್ಕಳನ್ನು ಕಂಡರು. ಆ ಕಾಯಿಲೆಗೆ ಹೆಸರು ಕೊಟ್ಟವರು ಗಾ ಭಾಷೆಯ ಸ್ಥಳೀಯರು: ‘ಕ್ವಾಶಿಯೋರ್ಕರ್’, ಅಂದರೆ ಹೊಸ ಕೂಸು ಬಂದಾಗ ಹಿರಿಯ ಮಗುವಿಗೆ ತಗಲುವ ರೋಗ. ಎದೆಹಾಲು ತಪ್ಪಿ ಬರೀ ಮೆಕ್ಕೆಜೋಳದ ಗಂಜಿಗೆ ಬಿದ್ದ ಮಗುವಿನ ಕಥೆ ಆ ಒಂದು ಪದದಲ್ಲೇ ಇತ್ತು. ವಿಲಿಯಮ್ಸ್ ಸರ್ಕಾರಿ ಸಂಬಳದ ವೈದ್ಯೆ. ಆದರೂ ಮುಂದೆ ಬಂದ ಸ್ವಯಂಸೇವಕರೆಲ್ಲ ಕಲಿಯಬೇಕಿದ್ದ ಪಾಠ ಅವರಲ್ಲಿತ್ತು: ಮೊದಲು ಊರಿನವರ ಮಾತು ಕೇಳಬೇಕು.

ಸಂಘಟಿತ ಸೇವೆ ಬೆಳೆದದ್ದು ಆಮೇಲೆ. 1958ರಲ್ಲಿ ಬ್ರಿಟನ್ನಿನ ಸ್ವಯಂಸೇವಾ ಸಂಸ್ಥೆ ವಿಎಸ್‌ಒ, ಶಾಲೆ ಮುಗಿಸಿದ ತರುಣರನ್ನು ಹೊರದೇಶಗಳಿಗೆ ಕಳಿಸಿತು. 1961ರಲ್ಲಿ ಅಮೆರಿಕದ ಸರ್ಕಾರಿ ಸ್ವಯಂಸೇವಕ ಪಡೆ ಪೀಸ್ ಕೋರ್, 1965ರಲ್ಲಿ ಜಪಾನಿನ ಇಂಥದ್ದೇ ಯೋಜನೆ ಶುರುವಾದವು. ವಿಶ್ವಸಂಸ್ಥೆ 1970ರಲ್ಲಿ ತನ್ನದೇ ಸ್ವಯಂಸೇವಕ ಪಡೆಗೆ ಒಪ್ಪಿಗೆ ಕೊಟ್ಟಿತು. ಭಾರತಕ್ಕೂ 1961ರಿಂದ 1976ರವರೆಗೆ ಪೀಸ್ ಕೋರ್‌ನವರು ಬಂದರು.

ಉತ್ಸಾಹದ ಹಿಂದೆಯೇ ಟೀಕೆಯೂ ಬಂತು. ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕನ್ ವಿದ್ಯಾರ್ಥಿಗಳಿಗೆ 1968ರಲ್ಲಿ ಚಿಂತಕ ಇವಾನ್ ಇಲಿಚ್, ನೋಡಲು, ಕಲಿಯಲು ಬನ್ನಿ, ಉದ್ಧಾರ ಮಾಡಲು ಬರಬೇಡಿ ಎಂದು ಖಾರವಾಗಿಯೇ ಹೇಳಿದರು. ಅದೇ ಮೆಕ್ಸಿಕೋದ ಬೆಟ್ಟಗಳಲ್ಲಿ ಡೇವಿಡ್ ವರ್ನರ್ ಊರಿನವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಯಾರು ಮಾಡುತ್ತಿದ್ದರು. 1978ರ ಅಲ್ಮಾ-ಅಟಾ ಘೋಷಣೆ ಪ್ರಾಥಮಿಕ ಆರೋಗ್ಯದಲ್ಲಿ ಜನರ ಪಾಲುಗಾರಿಕೆಗೆ ಜಗತ್ತಿನ ಮನ್ನಣೆ ತಂದಿತು.

ಈ ವಿಚಾರ ಅನ್ನದ ತಟ್ಟೆಯವರೆಗೆ ಇಳಿದದ್ದು ವಿಯೆಟ್ನಾಮಿನಲ್ಲಿ. 1990ರ ಕೊನೆಗೆ ‘ಸೇವ್ ದ ಚಿಲ್ಡ್ರನ್’ ಸಂಸ್ಥೆಯ ಪರವಾಗಿ ಅಲ್ಲಿಗೆ ಹೋದ ಜೆರ್ರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ, ಥಾನ್ ಹೋವಾ ಪ್ರಾಂತ್ಯದ ಹಳ್ಳಿಗಳಲ್ಲಿ ಊರಿನ ಹೆಂಗಸರ ಕೈಯಲ್ಲೇ ಮಕ್ಕಳ ತೂಕ ನೋಡಿಸಿದರು. ಕಡುಬಡವರ ಮನೆಯಲ್ಲೂ ಕೆಲವು ಮಕ್ಕಳು ಗಟ್ಟಿಮುಟ್ಟಾಗಿದ್ದವು. ಅದರ ಗುಟ್ಟು ಅಡುಗೆಮನೆಯಲ್ಲಿ ಸಿಕ್ಕಿತು. ಆ ತಾಯಂದಿರು ಗದ್ದೆಯಲ್ಲಿ ಸಿಗುವ ಸಣ್ಣ ಸೀಗಡಿ, ಏಡಿ, ಸಿಹಿಗೆಣಸಿನ ಸೊಪ್ಪನ್ನು ಮಗುವಿನ ಅನ್ನಕ್ಕೆ ಸೇರಿಸುತ್ತಿದ್ದರು; ಕೈ ತೊಳೆಸಿ, ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪ ಉಣಿಸುತ್ತಿದ್ದರು. ಉಳಿದವರು ಅದೇ ಸೀಗಡಿ, ಸೊಪ್ಪು ಮಕ್ಕಳಿಗೆ ಆಗಿಬರುವುದಿಲ್ಲ ಎಂದು ಬಿಟ್ಟಿದ್ದರು. ಆಮೇಲೆ ತಾಯಂದಿರು ಒಂದೆಡೆ ಸೇರಿ ಅಡುಗೆ ಮಾಡಿ ಕಲಿತರು. ಅಲ್ಲಿಗೆ ಬರುವವರು ತಾವೇ ಹಿಡಿದ ಒಂದು ಹಿಡಿ ಸೀಗಡಿ ತರಬೇಕೆಂಬುದೇ ನಿಯಮ.

2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಪೀಸ್ ಕೋರ್ ಜಗತ್ತಿನಾದ್ಯಂತ ಇದ್ದ ತನ್ನ ಸ್ವಯಂಸೇವಕರೆಲ್ಲರನ್ನೂ ವಾಪಸ್ ಕರೆಸಿಕೊಂಡಿತು. ಹೊರಗಿನವರು ಎಂದಾದರೂ ಹೊರಡಲೇಬೇಕು. ಹಳ್ಳಿಯಲ್ಲಿ ಉಳಿಯುವುದು ಅಲ್ಲಿನ ತಾಯಂದಿರು ಕಲಿತು ಕೈಗೂಡಿಸಿಕೊಂಡದ್ದು ಮಾತ್ರ. ಪರದೇಶದ ಹಳ್ಳಿಗೆ ಸೇವೆಗೆ ಹೊರಡುವ ನಮ್ಮ ಯುವಕ ಯುವತಿಯರು ಮೊದಲು ಅಲ್ಲಿನ ಭಾಷೆ ಕಲಿಯಲಿ, ಅಲ್ಲಿನವರ ಮನೆಯಲ್ಲಿ ಉಣ್ಣಲಿ. ಸಲಹೆ ಕೊಡುವುದು ಅದಾದ ಮೇಲೆ.