ಏಣಗಿ ಬಾಳಪ್ಪನವರ ಕಲಾವೈಭವ

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಏಣಗಿಯ ಒಕ್ಕಲು ಮನೆತನದಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರನ್ನು ರಂಗಕ್ಕೆ ಎಳೆದು ತಂದದ್ದು ಅವರ ಕಂಠ. ಹೆಣ್ಣುಮಕ್ಕಳು ಬಣ್ಣ ಹಚ್ಚುವುದು ವಿರಳವಾಗಿದ್ದ ಕಾಲ ಅದು. ಹಾಡಬಲ್ಲ ಹುಡುಗರಿಗೇ ಸ್ತ್ರೀಪಾತ್ರ. ಚಿಕ್ಕೋಡಿ ಶಿವಲಿಂಗಸ್ವಾಮಿಗಳ ಕಂಪನಿಯಲ್ಲಿ ಪಳಗಿದ ಬಾಳಪ್ಪನವರೂ ಸೀರೆಯುಟ್ಟರು. ಸೆರಗು ಹಿಡಿಯುವ ನಯ, ಕಾಲುಪೆಟ್ಟಿಗೆಯ ಶ್ರುತಿಗೆ ದನಿ ಸೇರಿಸಿ ಮೈಕಿಲ್ಲದೆ ಕಟ್ಟಕಡೆಯ ಪ್ರೇಕ್ಷಕನಿಗೂ ಪದ ಮುಟ್ಟಿಸುವ ಉಸಿರು, ಎರಡೂ ಈ ಪಾತ್ರಗಳು ಕಲಿಸುವ ಪಾಠ.

1947ರಲ್ಲಿ ಅವರು ಕಲಾವೈಭವ ನಾಟ್ಯಸಂಘ ಕಟ್ಟಿದರು. ಬೆಳಗಾವಿ ಆಗಿನ್ನೂ ಮುಂಬಯಿ ಪ್ರಾಂತದಲ್ಲಿತ್ತು. ಏಕೀಕರಣಕ್ಕೆ 9 ವರ್ಷ ಬಾಕಿ. ಮರಾಠಿ ಸಂಗೀತ ನಾಟಕಗಳ ಪ್ರಭಾವ ದಟ್ಟವಾಗಿದ್ದ ಸೀಮೆಯಲ್ಲಿ ಕನ್ನಡದ ಕಂಪನಿ ನಡೆಸಲು ಎದೆಗಾರಿಕೆ ಬೇಕಿತ್ತು. ಮಾಲಕನಾದವನು ತಾಲೀಮು ಮಾಡಿಸಬೇಕು, ಕ್ಯಾಂಪಿನ ಊರು ಗೊತ್ತು ಮಾಡಬೇಕು, ಪರದೆ, ತಗಡು, ಅಡಿಗೆಯ ಪಾತ್ರೆಗಳ ಸಮೇತ ಇಡೀ ಸಂಸಾರವನ್ನು ಊರಿಂದೂರಿಗೆ ಸಾಗಿಸಬೇಕು, ಮಳೆ ಹಿಡಿದು ಗಲ್ಲಾ ಬರಿದಾದರೂ ಎಲ್ಲರ ಹೊಟ್ಟೆ ನೋಡಬೇಕು. ಇಷ್ಟೆಲ್ಲ ಮುಗಿಸಿ ರಾತ್ರಿ ತಾನೇ ಬಣ್ಣ ಹಚ್ಚಬೇಕು. ಬಾಳಪ್ಪನವರು ಈ ಭಾರ ಹೊತ್ತರು. ಕಂಪನಿಯ ರಂಗದ ಮೇಲೆ ಪತ್ನಿ ಲಕ್ಷ್ಮೀಬಾಯಿಯವರು ನಟಿಯಾಗಿ ಹೆಸರು ಮಾಡಿದರು. ಒಂದು ಕಾಲಕ್ಕೆ ಸ್ತ್ರೀಪಾತ್ರ ಮಾಡಿದವರೇ ಮುಂದೆ ಮಾಲಕರಾಗಿ ಸ್ತ್ರೀಯರಿಗೆ ರಂಗ ಬಿಟ್ಟುಕೊಟ್ಟದ್ದನ್ನು ನಮ್ಮ ರಂಗ ಇತಿಹಾಸಕಾರರು ಇನ್ನಷ್ಟು ಎತ್ತಿ ಹೇಳಬೇಕಿತ್ತು.

ಈ ನೆಲದ ನೆನಪಿನ ‘ಕಿತ್ತೂರು ಚೆನ್ನಮ್ಮ’ ನಾಟಕವನ್ನೂ ಕಂಪನಿ ಆಡಿತು. ಆದರೆ ಕಲಾವೈಭವ ಎಂದರೆ ಜನಕ್ಕೆ ಮೊದಲು ನೆನಪಾಗುವುದು ‘ಜಗಜ್ಯೋತಿ ಬಸವೇಶ್ವರ’. ಹಣೆಗೆ ವಿಭೂತಿ, ಕೊರಳಿಗೆ ರುದ್ರಾಕ್ಷಿ ಧರಿಸಿ ಬಾಳಪ್ಪನವರು ವಚನ ಎತ್ತಿಕೊಂಡರೆ ಪ್ರೇಕ್ಷಕರಿಗೆ ನಟ ಕಾಣುತ್ತಿರಲಿಲ್ಲ, ಅಣ್ಣ ಬಸವಣ್ಣನೇ ಕಾಣುತ್ತಿದ್ದ, ಕಾಲಿಗೆ ಬೀಳುತ್ತಿದ್ದರು. ವಚನವನ್ನು ಓದು ಬಾರದವರ ಬಾಯಿಗೂ ತಲುಪಿಸಿದ ಕೀರ್ತಿಯಲ್ಲಿ ಈ ನಾಟಕಕ್ಕೆ ದೊಡ್ಡ ಪಾಲಿದೆ ಎಂದು ನಾನು ನಂಬುತ್ತೇನೆ.

ಮಗ ಏಣಗಿ ನಟರಾಜ ಅವರೂ ರಂಗಭೂಮಿಯನ್ನೇ ಹಿಡಿದು ಧಾರವಾಡ ರಂಗಾಯಣದಲ್ಲಿ ದುಡಿದರು. 2012ರಲ್ಲಿ ತಂದೆಗಿಂತ ಮೊದಲೇ ಹೊರಟುಹೋದರು. ಶತಮಾನ ದಾಟಿದ ಬಾಳಪ್ಪನವರು 2017ರ ಆಗಸ್ಟ್ 18ರಂದು ತೀರಿಕೊಂಡರು.

ಸವದತ್ತಿ, ಬೈಲಹೊಂಗಲ, ರಾಮದುರ್ಗದ ಹಿರಿಯರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ ಕಲಾವೈಭವದ ಹ್ಯಾಂಡ್‌ಬಿಲ್ಲು, ಫೋಟೋ, ಕೈಬರಹದ ನಾಟಕದ ಪ್ರತಿ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಊರಿನ ಗ್ರಂಥಾಲಯಕ್ಕಾದರೂ ಕೊಟ್ಟು ಕಾಪಾಡಿ.